ಡಬ್ಬಿಯ ಪುಡಿಯೂ ಮುಪ್ಪಿನ ನಾಲಗೆಯೂ

ಹೆತ್ತೂರಿನ ಕಡೆ ಮಳೆ ಹಿಡಿಯಿತೆಂದರೆ ದಿನಗಟ್ಟಲೆ ಬಿಡುವುದಿಲ್ಲ. ಅಂತಹ ಒಂದು ಆಷಾಢದಲ್ಲಿ ನಾನು ಊರಿಗೆ ಹೋದಾಗ, ಎಂಬತ್ತು ದಾಟಿದ ನನ್ನ ತಾಯಿಯವರು ಒಲೆಯ ಮುಂದೆ ಕುಳಿತಿದ್ದರು. ಕೈಬಳೆಗಳು ಮೊಣಕೈಯವರೆಗೆ ಜಾರುತ್ತಿದ್ದುವು. ಬೆಂಗಳೂರಿನಿಂದ ನಾನು ಕಳುಹಿಸಿದ್ದ ಪುಷ್ಟಿಯ ಪುಡಿಯ ಮೂರು ಡಬ್ಬಿಗಳು ಮುಚ್ಚಳ ಬಿಚ್ಚದೆ ಅಟ್ಟದ ಮೇಲಿದ್ದುವು.

“ಅದು ಮಕ್ಕಳ ಬಾಯಿಗೆ ಸರಿ ಕಣಪ್ಪ. ನನಗೆ ಬಿಸಿ ಕಡುಬು, ಹುರುಳಿಸಾರು ಇದ್ದರೆ ಸಾಕು” ಎಂದರು.

ನನಗೆ ಸಿಟ್ಟು ಬಂದಿತೆಂಬುದನ್ನು ಮುಚ್ಚಿಡಲಾರೆ. ಆದರೆ ಅವರ ಮಾತಿನಲ್ಲಿ ಹುರುಳಿತ್ತು. ವಯಸ್ಸಾದಂತೆ ರುಚಿಯೂ ವಾಸನೆಯೂ ಮಂದವಾಗುತ್ತವೆ. ಬಾಲ್ಯದಿಂದ ಒಗ್ಗಿದ ಊಟವೊಂದೇ ಬಾಯಿಗೆ ಹತ್ತುತ್ತದೆ. ಡಬ್ಬಿಗಳಲ್ಲಿ ಹಲವಕ್ಕೆ ಸಕ್ಕರೆಯೇ ಮುಂದು. ೨೦೨೪ರ ಏಪ್ರಿಲಿನಲ್ಲಿ ಕೇಂದ್ರದ ವಾಣಿಜ್ಯ ಸಚಿವಾಲಯವು ಇಂತಹ ಪಾನೀಯಗಳನ್ನು ‘ಆರೋಗ್ಯ ಪಾನೀಯ’ದ ಪಟ್ಟಿಯಿಂದ ತೆಗೆಯುವಂತೆ ಅಂತರ್ಜಾಲದ ಮಾರಾಟಗಾರರಿಗೆ ಸೂಚಿಸಿತು, ಆಹಾರದ ಕಾಯಿದೆಯಲ್ಲಿ ಆ ಹೆಸರಿಗೆ ಅರ್ಥನಿರೂಪಣೆಯೇ ಇಲ್ಲವಂತೆ!

ಹಾಗೆಂದು ತಾಯಿಯವರ ಊಟ ಸಾಕಾಗಿತ್ತೇ? ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ೨೦೨೦ರ ಲೆಕ್ಕದಂತೆ ದೇಹದ ತೂಕದ ಒಂದೊಂದು ಕಿಲೋಗ್ರಾಮಿಗೂ ದಿನಕ್ಕೆ ೦.೮೩ ಗ್ರಾಂ ಸಸಾರಜನಕ ಬೇಕು. ಐವತ್ತು ಕಿಲೋಗ್ರಾಮಿನವರಿಗೆ ಸುಮಾರು ೪೧ ಗ್ರಾಂ. ನೂರು ಗ್ರಾಂ ಹುರುಳಿಯಲ್ಲಿ ೨೨ ಗ್ರಾಮಿನಷ್ಟು ಉಂಟು. ಆದರೆ ನಮ್ಮ ಮನೆಯಲ್ಲಿ ತಾಯಿಯವರು ಉಣ್ಣುತ್ತಿದ್ದುದು ಬರಿಯ ಕಟ್ಟಿನ ಸಾರು. ಅಗಿಯಲು ಹಲ್ಲಿಲ್ಲದುದರಿಂದ ಬೆಂದ ಕಾಳು ಹಸುವಿನ ಪಾಲಾಗುತ್ತಿತ್ತು. ಆ ಕಾಳನ್ನೇ ನುಣ್ಣಗೆ ರುಬ್ಬಿ ಸಾರಿಗೆ ಸೇರಿಸಿದೆವು. ಬೆಳಿಗ್ಗೆ ಹಾಲು ಬೆರೆಸಿದ ರಾಗಿ ಗಂಜಿ. ರಾಗಿಯಲ್ಲಿ ನೂರು ಗ್ರಾಮಿಗೆ ೩೦೦ ಮಿಲಿಗ್ರಾಮಿಗೂ ಮಿಗಿಲಾದ ಸುಣ್ಣಾಂಶವಿದೆ, ಅಕ್ಕಿಯಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ.

ಇನ್ನೊಂದು ಸಂಗತಿ ವೈದ್ಯರು ಕೇಳಿದಾಗ ಹೊರಬಿತ್ತು. ರಕ್ತಹೀನತೆಗೆಂದು ಕೊಟ್ಟ ಕಬ್ಬಿಣದ ಗುಳಿಗೆಯನ್ನು ತಾಯಿಯವರು ತಿಂಗಳುಗಳಿಂದ ಕಾಫಿಯೊಡನೆ ನುಂಗುತ್ತಿದ್ದರು. ಕಾಫಿಯೂ ಚಹಾವೂ ಕಬ್ಬಿಣವು ಮೈಗೆ ಹತ್ತದಂತೆ ತಡೆಯುತ್ತವೆ. ಕಾಫಿತೋಟದ ಸೀಮೆಯವರಿಗೆ ಇದನ್ನು ಹೇಳುವುದು ಕಷ್ಟ! ಈಗ ಗುಳಿಗೆಗೂ ಕಾಫಿಗೂ ನಡುವೆ ಎರಡು ಗಂಟೆಯ ಅಂತರವಿದೆ. ಬಿ-೧೨ ಜೀವಸತ್ವದ ಕೊರತೆಯನ್ನು ಮಾತ್ರ ಊಟದಿಂದ ತುಂಬಲಾಗಲಿಲ್ಲ; ಮುಪ್ಪಿನಲ್ಲಿ ಜಠರರಸ ಕುಂದಿದರೆ ಆಹಾರದಲ್ಲಿರುವ ಅದು ಸರಿಯಾಗಿ ಒದಗದು. ಅದಕ್ಕೆ ವೈದ್ಯರ ಸೂಜಿಮದ್ದೇ ಬೇಕಾಯಿತು.

ದೀಪಾವಳಿಗೆ ಹೋದಾಗ ತೂಕ ಹೆಚ್ಚಿರಲಿಲ್ಲ, ಇಳಿಯುವುದು ನಿಂತಿತ್ತು. ಅಟ್ಟದ ಡಬ್ಬಿಗಳಲ್ಲಿ ಒಂದನ್ನು ಬರಿದುಮಾಡಿ, ತಾಯಿಯವರು ಅದರಲ್ಲಿ ಹುರುಳಿಕಾಳು ತುಂಬಿಟ್ಟಿದ್ದರು.