ಶ್ವಾಸಕೋಶದ ಕ್ಯಾನ್ಸರ್: ಇ.ಜಿ.ಎಫ್.ಆರ್. ಪರೀಕ್ಷೆ ಏಕೆ ಬೇಕು?

ಬಯಾಪ್ಸಿಯಲ್ಲಿ ಶ್ವಾಸಕೋಶದ ಕ್ಯಾನ್ಸರ್ ಎಂದು ಖಚಿತವಾದ ಮೇಲೆ, ಅದೇ ತುಣುಕಿನ ಮೇಲೆ ಇನ್ನೊಂದು ಪರೀಕ್ಷೆ ಮಾಡಿಸಲು ವೈದ್ಯರು ಬರೆದುಕೊಡುವುದುಂಟು. "ರೋಗ ಯಾವುದೆಂದು ಗೊತ್ತಾಯಿತಲ್ಲ, ಮತ್ತೇಕೆ ಖರ್ಚು?" ಎಂದು ಜೊತೆಗೆ ಬಂದವರು ಕೇಳುತ್ತಾರೆ. ಕೇಳುವುದು ಸಹಜವೇ. ಆದರೆ ಯಾವ ಔಷಧ ಕೊಡಬೇಕೆಂಬುದು ಈ ಪರೀಕ್ಷೆಯಿಂದಲೇ ತಿಳಿಯುವುದು.

ನಮ್ಮ ಅನೇಕ ಜೀವಕೋಶಗಳ ಹೊರಮೈಯಲ್ಲಿ ಇ.ಜಿ.ಎಫ್.ಆರ್. ಎಂಬ ಪ್ರೋಟೀನ್ ಇರುತ್ತದೆ. ಇದನ್ನು ಮನೆಬಾಗಿಲಿನ ಕರೆಗಂಟೆ ಎಂದು ತಿಳಿಯಿರಿ. ಗಾಯವಾದಾಗ ಬೆಳವಣಿಗೆಯ ಅಂಶವೊಂದು ಬಂದು ಈ ಗಂಟೆಯನ್ನು ಒತ್ತುತ್ತದೆ. ಜೀವಕೋಶ ಒಂದು ಎರಡಾಗುತ್ತದೆ, ಗಾಯ ಮಾಯುತ್ತದೆ, ಗಂಟೆ ನಿಲ್ಲುತ್ತದೆ. ಆ ಬೆಳವಣಿಗೆಯ ಅಂಶವನ್ನು ಕಂಡುಹಿಡಿದ ಸ್ಟ್ಯಾನ್ಲಿ ಕೋಹೆನ್ ಅವರಿಗೆ 1986ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಕೆಲವರ ಶ್ವಾಸಕೋಶದಲ್ಲಿ ಈ ಪ್ರೋಟೀನನ್ನು ತಯಾರಿಸುವ ಜೀನ್ ಕೆಡುತ್ತದೆ. ಆಗ ಯಾರೂ ಒತ್ತದಿದ್ದರೂ ಗಂಟೆ ಹಗಲಿರುಳು ಹೊಡೆದುಕೊಳ್ಳುತ್ತಲೇ ಇರುತ್ತದೆ. ಜೀವಕೋಶಗಳು ಎಡೆಬಿಡದೆ ಹೆಚ್ಚುತ್ತವೆ, ಸಾಯಬೇಕಾದವು ಸಾಯುವುದಿಲ್ಲ. ತಮಗೆ ಬೇಕಾದ ರಕ್ತನಾಳಗಳನ್ನು ಬೆಳೆಸಿಕೊಳ್ಳುತ್ತವೆ, ಕೊನೆಗೆ ಇದ್ದ ಜಾಗ ಬಿಟ್ಟು ಮೂಳೆ, ಯಕೃತ್ತು, ಮಿದುಳುಗಳಲ್ಲಿಯೂ ನೆಲೆಸುತ್ತವೆ.

ಅಡಿನೋಕಾರ್ಸಿನೋಮಾ ಎಂಬ ಬಗೆಯ ಶ್ವಾಸಕೋಶದ ಕ್ಯಾನ್ಸರ್ ಇರುವ ಭಾರತೀಯರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಈ ದೋಷ ಕಾಣುತ್ತದೆ. ಬೀಡಿ, ಸಿಗರೇಟು ಮುಟ್ಟದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಇದು ಹೆಚ್ಚು. ಇದು ಸಾಮಾನ್ಯವಾಗಿ ಹುಟ್ಟಿನಿಂದ ಬಂದದ್ದಲ್ಲ, ಬದುಕಿನ ನಡುವೆ ಆ ಗಡ್ಡೆಯ ಕೋಶಗಳಲ್ಲಿ ಮಾತ್ರ ಆದ ಬದಲಾವಣೆ. ಮಕ್ಕಳಿಗೆ ಬಂದೀತೆಂದು ಹೆದರುವ ಕಾರಣವಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಅಂಟುವುದಿಲ್ಲ.

ಗೆಫಿಟಿನಿಬ್, ಎರ್ಲೋಟಿನಿಬ್, ಒಸಿಮೆರ್ಟಿನಿಬ್ ಮೊದಲಾದ ಮಾತ್ರೆಗಳು ಕೆಟ್ಟ ಗಂಟೆಯ ತಂತಿಯನ್ನೇ ಕತ್ತರಿಸಿದಂತೆ ಕೆಲಸ ಮಾಡುತ್ತವೆ. ಹಲವರಿಗೆ ಕೆಲವೇ ವಾರಗಳಲ್ಲಿ ಉಸಿರಾಟ ಹಗುರವಾಗುತ್ತದೆ. ಇದನ್ನು ಕಂಡು ಪಕ್ಕದ ಹಾಸಿಗೆಯವರು "ನಮಗೂ ಅದೇ ಮಾತ್ರೆ ಕೊಡಿ" ಎನ್ನುತ್ತಾರೆ. ಹಾಗೆ ಕೊಡಲಾಗದು. ಜೀನಿನಲ್ಲಿ ಈ ದೋಷವಿಲ್ಲದವರಿಗೆ ಮೊದಲ ಚಿಕಿತ್ಸೆಯಾಗಿ ಗೆಫಿಟಿನಿಬ್ ಕೊಟ್ಟಾಗ, ಕಿಮೋಥೆರಪಿ ಪಡೆದವರಿಗಿಂತ ಬೇಗ ರೋಗ ಉಲ್ಬಣಿಸಿತೆಂದು 2009ರಲ್ಲಿ ಪ್ರಕಟವಾದ ಏಷ್ಯಾದ ದೊಡ್ಡ ಅಧ್ಯಯನವೊಂದು ತೋರಿಸಿತು. ವರದಿ ಬರುವವರೆಗಿನ ಕಾಯುವಿಕೆ ಕಷ್ಟವೆಂಬುದು ನಿಜ, ಆದರೆ ಆ ದಿನಗಳು ವ್ಯರ್ಥವಲ್ಲ. ತುಣುಕು ಸಾಲದಿದ್ದರೆ ರಕ್ತದಿಂದಲೂ ಪರೀಕ್ಷಿಸಬಹುದು.

ಹರಡಿದ ರೋಗವನ್ನು ಈ ಮಾತ್ರೆಗಳು ಹಿಡಿತದಲ್ಲಿ ಇಡುತ್ತವೆ, ಸಾಮಾನ್ಯವಾಗಿ ಬುಡಸಹಿತ ಕೀಳುವುದಿಲ್ಲ. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಗಡ್ಡೆ ಹೊಸ ದಾರಿ ಹುಡುಕಿಕೊಳ್ಳಬಹುದು. ಆಗ ಮತ್ತೆ ಪರೀಕ್ಷೆ ಮಾಡಿಸಿ ಔಷಧ ಬದಲಿಸಬೇಕಾಗುತ್ತದೆ.

ಮಾತ್ರೆ ನುಂಗುವಾಗ ಮುಖದಲ್ಲಿ, ಎದೆಯ ಮೇಲೆ ಮೊಡವೆಯಂಥ ಗುಳ್ಳೆಗಳು ಏಳಬಹುದು, ಭೇದಿ ಆಗಬಹುದು. ಇದಕ್ಕೆ ಹೆದರಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರಿಗೆ ತಿಳಿಸಿ. ಕೆಲವು ಮಾತ್ರೆಗಳು ಅಸಿಡಿಟಿ ಔಷಧದ ಜೊತೆ ಸರಿಯಾಗಿ ಮೈಗೂಡುವುದಿಲ್ಲ, ಆದ್ದರಿಂದ ಗ್ಯಾಸಿನ ಗುಳಿಗೆ ನುಂಗುತ್ತಿದ್ದರೆ ಅದನ್ನೂ ಮೊದಲೇ ಹೇಳಿ. ಹೊಸದಾಗಿ ಏದುಸಿರು ಕಾಣಿಸಿಕೊಂಡರೆ ಮಾತ್ರ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಬನ್ನಿ.