ಕದ್ವಾಡದಲ್ಲಿ ಎರಡೆಕರೆ ಕೊಳ್ಳುವ ಮುನ್ನ

ಪೇಟೆಯ ಕೆಲಸ ಬಿಟ್ಟು, ಬೆಳೆದದ್ದನ್ನೇ ಉಂಡು ಬದುಕುವ ಆಸೆಯವರಿಗೆ ಕಾರವಾರದ ಮಗ್ಗುಲಿನ ಕದ್ವಾಡ ನೋಡಿದ ಕೂಡಲೇ ಹಿಡಿಸುತ್ತದೆ. ಎದುರಿಗೆ ಕಾಳಿ ನದಿ, ಸುತ್ತ ಗುಡ್ಡ, ಸಂತೆಯೂ ದೂರವಿಲ್ಲ. ಆದರೆ ಜಾಗ ನೋಡಲು ಬರುವವರು ಬರುವುದು ಬಹುಪಾಲು ಡಿಸೆಂಬರಿನಲ್ಲಿ, ಎಲ್ಲವೂ ಹಸಿರಾಗಿರುವಾಗ. ಲೆಕ್ಕ ತಪ್ಪುವುದು ಅಲ್ಲೇ.

ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಸೀಮೆಯಲ್ಲಿ ನೀರಿಗೇನು ಬರ ಎಂಬುದು ಮೊದಲ ನಂಬಿಕೆ. ಆದರೆ ಅಷ್ಟೂ ಮಳೆ ಹೆಚ್ಚುಕಡಿಮೆ ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬಂದು ಹರಿದುಹೋಗುತ್ತದೆ. ಜಂಬಿಟ್ಟಿಗೆ ನೆಲ ಅದನ್ನು ಹೆಚ್ಚು ಕಾಲ ಹಿಡಿದಿಡದು. ಬೇಸಿಗೆಯಲ್ಲಿ ಭರತದ ನೀರು ಕಾಳಿಯೊಳಗೆ ಮೇಲೇರಿದಾಗ ದಂಡೆಯ ಬಾವಿಗಳಿಗೆ ಉಪ್ಪು ಹತ್ತುವ ಭಯ ಬೇರೆ. ನದಿ ಕಾಣುವ ಜಾಗಕ್ಕೆ ಹೆಚ್ಚು ದುಡ್ಡು ಸುರಿಯುವವರು ಮೇ ತಿಂಗಳಲ್ಲಿ ಬಂದು ಒಂದು ಬೊಗಸೆ ಬಾವಿ ನೀರು ಕುಡಿದು ನೋಡುವುದು ಲೇಸು. ಮಳೆಗಾಲದ ಲೆಕ್ಕವೇ ಬೇರೆ: 2019ರ ಆಗಸ್ಟಿನಲ್ಲಿ ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಕಾಳಿ ದಂಡೆಯ ಮನೆಗಳಿಗೆ ನೆರೆ ನುಗ್ಗಿತು. ಹಾಗೆಂದು ಗುಡ್ಡದ ಬುಡ ಕ್ಷೇಮವೆನ್ನುವಂತಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದು ಯಾರೂ ಮರೆತಿಲ್ಲ.

ಉಪ್ಪು ಹತ್ತಿದ ಗದ್ದೆ ಹಾಳು ನೆಲವೆಂಬ ಮಾತಿದೆ. ಇದು ಘಟ್ಟದ ಮೇಲಿನವರ ತಿಳಿವಳಿಕೆ. ಭರತದ ಉಪ್ಪುನೀರು ಹತ್ತುವ ಕರಾವಳಿಯ ತಗ್ಗು ಗದ್ದೆಗಳಲ್ಲಿ, ಅಂದರೆ ಗಜನಿಯಲ್ಲಿ, ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. ಕುಮಟಾದ ಮಾಣಿಕಟ್ಟಾ ಇದಕ್ಕೇ ಹೆಸರುವಾಸಿ. ಎತ್ತರದ ಪೈರು, ನೆರೆ ತಂದ ಕೆಸರೇ ಗೊಬ್ಬರ. ಕೊಯ್ಲಾದ ಮೇಲೆ ಉಪ್ಪುನೀರು ತಡೆಯುವ ಒಡ್ಡಿನ ಬಾಗಿಲು ತೆರೆದು ಭರತದ ನೀರು ಬಿಟ್ಟರೆ ಅದೇ ಗದ್ದೆಯಲ್ಲಿ ಸೀಗಡಿ, ಮೀನು. ಅನ್ನ, ಸಾರು ಎರಡೂ ಒಂದೇ ನೆಲದಿಂದ! ಒಂದೇ ತೊಡಕು: ಒಡ್ಡು ಎಲ್ಲಿ ಒಡೆದರೂ ಉಪ್ಪುನೀರು ನುಗ್ಗುವುದು ಎಲ್ಲರ ಗದ್ದೆಗೆ. ಹಾಗಾಗಿ ಅದನ್ನು ಊರವರೆಲ್ಲ ಸೇರಿಯೇ ಕಾಯಬೇಕು. ಬೇಲಿ ಹಾಕಿ ಒಳಗೆ ಕೂರುವವರಿಗೆ ಗಜನಿ ಒಲಿಯುವುದಿಲ್ಲ.

ರೈತರಲ್ಲದವರು ಕೃಷಿ ಭೂಮಿ ಕೊಳ್ಳುವಂತಿಲ್ಲ ಎಂಬುದು ಹಳೆಯ ಸುದ್ದಿ. 2020ರ ತಿದ್ದುಪಡಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿತು. ಆದರೆ ತೋಟದ ಜೊತೆ "ಬೆಟ್ಟವೂ ಸೇರಿದೆ" ಎಂದು ದಲ್ಲಾಳಿ ಹೇಳಿದರೆ ಕಿವಿ ನೆಟ್ಟಗಾಗಬೇಕು. ಅದು ತೋಟಕ್ಕೆ ಸೊಪ್ಪು ಒದಗಿಸಲೆಂದು ಬಿಟ್ಟ ಸೊಪ್ಪಿನ ಬೆಟ್ಟವಾದರೆ, ಅಲ್ಲಿ ತೋಟಿಗರಿಗೆ ಇರುವುದು ಸೊಪ್ಪು, ದರಕು (ಒಣಗಿದ ಎಲೆ) ತರುವ ಸವಲತ್ತು. ಮನೆ ಕಟ್ಟುವ ಹಕ್ಕಲ್ಲ.

ಇನ್ನು ಸ್ವಾವಲಂಬನೆಯೆಂದರೆ ಪೇಟೆಯ ಹಂಗೇ ಇಲ್ಲದ ಬದುಕೆಂಬ ಕಲ್ಪನೆ. ಈ ಸೀಮೆಯಲ್ಲಿ ನೆಲವನ್ನು ಚೆನ್ನಾಗಿ ಬಲ್ಲ ಹಾಲಕ್ಕಿ ಒಕ್ಕಲಿಗರೂ ಹಾಗೆ ಬದುಕಿದವರಲ್ಲ. ಭತ್ತ ಕೊಯ್ದ ಗದ್ದೆಯಲ್ಲಿ ತರಕಾರಿ ಬೆಳೆದು, ಹೆಂಗಸರು ಅದನ್ನು ಹೊತ್ತು ಅಂಕೋಲಾ ಪೇಟೆಗೆ ತಂದು ಮಾರುತ್ತಾರೆ. ಮೀನಿಗೆ ಕಡಲನ್ನೇ ನಂಬಿ ಕೂರುವಂತಿಲ್ಲ, ಅದಕ್ಕೂ ರಜೆಯಿದೆ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಇಳಿಯುವಂತಿಲ್ಲ. ಒಣಮೀನಿನ ಖರೀದಿ ಅದಕ್ಕೂ ಮೊದಲೇ, ಬಿಸಿಲಿರುವಾಗಲೇ ಮುಗಿದಿರಬೇಕು.