ಕಂಪನಿ ಸ್ಟೀರಿಯೊದಲ್ಲೇ ಗಟ್ಟಿ ಬೇಸ್
ಕಾರಿನ ಜೊತೆಗೇ ಬಂದ ಸ್ಟೀರಿಯೊಗೆ ಸಬ್‌ವೂಫರ್ ಜೋಡಿಸಿದ ಮೇಲೂ ಬೇಸ್ ಸಪ್ಪೆಯಾಗಿದ್ದರೆ, ಬಹುಪಾಲು ಸಲ ದೋಷವಿರುವುದು ಸಬ್‌ವೂಫರಿನಲ್ಲಲ್ಲ, ಅದಕ್ಕೆ ಬಂದು ಸೇರುವ ಸಿಗ್ನಲ್ಲಿನಲ್ಲಿ. ಬಾಗಿಲಿನ ಸಣ್ಣ ಸ್ಪೀಕರುಗಳು ಕೆಡದಿರಲೆಂದು ಅನೇಕ ಕಂಪನಿ ಸ್ಟೀರಿಯೊಗಳು ವಾಲ್ಯೂಮ್ ಏರಿದಂತೆ ಬೇಸನ್ನು ತಾವಾಗಿಯೇ ತಗ್ಗಿಸುತ್ತವೆ. ಮೆಲ್ಲಗೆ ಹಾಕಿದಾಗ ಚೆನ್ನಾಗಿ ಕೇಳುವ ಸಬ್‌ವೂಫರ್ ಜೋರು ಮಾಡಿದಾಗ ಹಿಂದೆ ಬಿದ್ದರೆ ಕಾರಣ ಬಹುತೇಕ ಇದೇ. ಆಗ ಇನ್ನೂ ದೊಡ್ಡ ಸಬ್‌ವೂಫರ್ ಕೊಳ್ಳುವುದು ದುಡ್ಡು ದಂಡ.

ಖರ್ಚಿಲ್ಲದ ಪರೀಕ್ಷೆಯೊಂದನ್ನು ಮೊದಲು ಮಾಡಬೇಕು. ಸಬ್‌ವೂಫರಿನ ಪ್ಲಸ್, ಮೈನಸ್ ತಂತಿಗಳು ಅದಲುಬದಲಾಗಿದ್ದರೆ ಅದು ಮುಂದೆ ತಳ್ಳುವ ಹೊತ್ತಿಗೆ ಬಾಗಿಲಿನ ಸ್ಪೀಕರ್ ಹಿಂದೆ ಸರಿಯುತ್ತದೆ. ಎರಡರ ದನಿಗಳೂ ಒಂದನ್ನೊಂದು ಅಳಿಸುತ್ತವೆ. ಆಂಪ್ಲಿಫೈಯರಿನ ಫೇಸ್ ಸ್ವಿಚ್ಚನ್ನು 0ಯಿಂದ 180 ಡಿಗ್ರಿಗೆ ಬದಲಿಸಿ, ಚಾಲಕನ ಸೀಟಿನಲ್ಲಿ ಕೂತು ಕೇಳಿ, ಬೇಸ್ ತುಂಬಿ ಬರುವ ಕಡೆಗೆ ಬಿಟ್ಟರಾಯಿತು.

ಮುಂದಿನದು ಸಿಗ್ನಲ್. ಹೆಚ್ಚಿನ ಕಂಪನಿ ಸ್ಟೀರಿಯೊಗಳಿಗೆ ಆಂಪ್ಲಿಫೈಯರಿಗೆ (ಆಂಪ್) ಸಿಗ್ನಲ್ ಕೊಡುವ ಆರ್‌ಸಿಎ ಔಟ್‌ಪುಟ್ ಇರುವುದಿಲ್ಲ. ಹೀಗಾಗಿ ಹಿಂಬಾಗಿಲಿನ ಸ್ಪೀಕರ್ ತಂತಿಯಿಂದಲೇ ಸಿಗ್ನಲ್ ಪಡೆಯಬೇಕು. ಹೈ ಲೆವೆಲ್ ಇನ್‌ಪುಟ್ ಇರುವ ಆಂಪ್ ಅದನ್ನು ನೇರವಾಗಿ ತೆಗೆದುಕೊಳ್ಳುತ್ತದೆ, ಇಲ್ಲದಿದ್ದರೆ ನಡುವೆ ಲೈನ್ ಔಟ್‌ಪುಟ್ ಕನ್ವರ್ಟರ್ ಬೇಕು. ಸ್ಟೀರಿಯೊ ತಗ್ಗಿಸಿದ ಬೇಸನ್ನು ಮತ್ತೆ ಎತ್ತಿಕೊಡುವ ಕನ್ವರ್ಟರುಗಳೂ ಡಿಎಸ್‌ಪಿಗಳೂ (ಡಿಜಿಟಲ್ ಸಿಗ್ನಲ್ ಪ್ರೊಸೆಸರ್) ಸಿಗುತ್ತವೆ. ಬೆಲೆ ಹೆಚ್ಚಾದರೂ ಖರ್ಚು ಮಾಡಲು ಅತ್ಯಂತ ಯೋಗ್ಯವಾದ ಜಾಗ ಇದು.

ಆಂಪ್‌ನ ಗೇನ್ ತಿರುಪು ವಾಲ್ಯೂಮ್ ಅಲ್ಲ; ಬರುವ ಸಿಗ್ನಲ್‌ನ ವೋಲ್ಟೇಜಿಗೆ ಆಂಪನ್ನು ಹೊಂದಿಸುವ ಸಾಧನ. ಬೇಸ್ ಬೂಸ್ಟನ್ನು ಸೊನ್ನೆಯಲ್ಲಿಟ್ಟು, ಲೋ ಪಾಸ್ ಫಿಲ್ಟರನ್ನು 80 ಹರ್ಟ್ಸ್ ಆಸುಪಾಸಿಗೆ ತಂದು, ಸ್ಟೀರಿಯೊದ ವಾಲ್ಯೂಮನ್ನು ಮುಕ್ಕಾಲಿಗೆ ಏರಿಸಬೇಕು. ದನಿ ಒಡೆಯುವವರೆಗೆ ಗೇನ್ ಹೆಚ್ಚಿಸಿ, ಅಲ್ಲಿಂದ ತುಸು ಇಳಿಸಬೇಕು. ಒಡೆದ ದನಿಯನ್ನೇ ಬೇಸ್ ಎಂದುಕೊಂಡು ನಡೆಸಿದರೆ ಸಬ್‌ವೂಫರಿನ ವಾಯ್ಸ್ ಕಾಯಿಲ್ ಸುಟ್ಟುಹೋಗಬಹುದು.

ವಾಟ್‌ಗಳ ಮೇಲಿನ ಮೋಹಕ್ಕೂ ಒಂದು ಲೆಕ್ಕವಿದೆ. ಶಕ್ತಿ ಇಮ್ಮಡಿಯಾದರೆ ದನಿ ಏರುವುದು 3 ಡೆಸಿಬೆಲ್ ಮಾತ್ರ. ಡಬ್ಬದ ಮೇಲೆ ದಪ್ಪಕ್ಷರದಲ್ಲಿರುವ ಪೀಕ್ ಅಂಕಿಯನ್ನು ಬಿಟ್ಟು ನಿರಂತರವಾಗಿ ಸಿಗುವ ಶಕ್ತಿಯನ್ನು ಹೇಳುವ ಆರ್‌ಎಂಎಸ್ ಅಂಕಿಯನ್ನೇ ನೋಡಬೇಕು. 500 ವಾಟ್ ಆರ್‌ಎಂಎಸ್ ಕೊಡುವ ಆಂಪ್ ಪೂರ್ತಿ ದುಡಿಯುವಾಗ ಬ್ಯಾಟರಿಯಿಂದ ಸುಮಾರು 50 ಆಂಪಿಯರ್ ಎಳೆಯುತ್ತದೆ. ತೆಳು ತಂತಿಯಲ್ಲಿ ವೋಲ್ಟೇಜ್ ಕುಸಿದು, ಜೋರು ಹೊಡೆತ ಬೇಕಾದ ಗಳಿಗೆಯಲ್ಲೇ ಬೇಸ್ ಸೊರಗುತ್ತದೆ. ಆದ್ದರಿಂದ ದಪ್ಪನೆಯ ಅಪ್ಪಟ ತಾಮ್ರದ ಕೇಬಲನ್ನೇ ಎಳೆಯಬೇಕು, ಬ್ಯಾಟರಿಯಿಂದ 45 ಸೆಂಟಿಮೀಟರಿನೊಳಗೆ ಫ್ಯೂಸ್ ಕೂರಿಸಬೇಕು. ಇದು ಬೆಂಕಿಯ ಅಪಾಯದ ಮಾತು, ಇಲ್ಲಿ ರಾಜಿ ಸಲ್ಲದು. ಅರ್ಥ್ ತಂತಿಯನ್ನು ಬಣ್ಣ ಕೆರೆದ ಬಾಡಿ ಲೋಹಕ್ಕೆ ಬಿಗಿಯಬೇಕು.

ಇನ್ನು ಪೆಟ್ಟಿಗೆ. ಮುಚ್ಚಿದ ಪೆಟ್ಟಿಗೆ ಚಿಕ್ಕದು, ಅದರ ಬೇಸ್ ಬಿಗಿ. ಪೋರ್ಟ್ ಇರುವ ಪೆಟ್ಟಿಗೆ ಜಾಗ ತಿನ್ನುತ್ತದೆ, ಆದರೆ ಅಷ್ಟೇ ವಾಟ್‌ನಲ್ಲಿ ಹೆಚ್ಚು ಗುಡುಗುತ್ತದೆ. ಹ್ಯಾಚ್‌ಬ್ಯಾಕಿನಲ್ಲಿ ಡಿಕ್ಕಿಯೂ ಕ್ಯಾಬಿನ್ನೂ ಒಂದೇ ಆದ್ದರಿಂದ ಬೇಸ್ ಸಲೀಸಾಗಿ ಮುಂದೆ ಬರುತ್ತದೆ. ಸೆಡಾನ್‌ನಲ್ಲಿ ಹಿಂಸೀಟು ಅಡ್ಡ ನಿಲ್ಲುತ್ತದೆ. ಅದನ್ನು ಮಡಚಿ ಕೇಳಿದರೆ ಎಷ್ಟು ಬೇಸ್ ಡಿಕ್ಕಿಯಲ್ಲೇ ಉಳಿಯುತ್ತಿತ್ತೆಂದು ಗೊತ್ತಾಗುತ್ತದೆ. ಪೆಟ್ಟಿಗೆಯನ್ನು ಡಿಕ್ಕಿಯ ಹಿಂಬದಿಗೆ ಸರಿಸಿ, ಸ್ಪೀಕರ್ ಹಿಂದಕ್ಕೆ ಮುಖಮಾಡುವಂತೆ ಇಟ್ಟು ನೋಡುವುದೂ ಒಳ್ಳೆಯದು. ಡಿಕ್ಕಿ ಬಾಗಿಲು, ನಂಬರ್ ಪ್ಲೇಟ್ ಗಡಗಡಿಸುತ್ತಿದ್ದರೆ ಡ್ಯಾಂಪಿಂಗ್ ಶೀಟ್ ಅಂಟಿಸಿದರೆ ಆ ಸದ್ದು ಅಡಗಿ ಬೇಸ್ ಸ್ಪಷ್ಟವಾಗುತ್ತದೆ.